ರಾತ್ರೋರಾತ್ರಿ ಇಳಿಯುವ ಕಾರ್ ಬ್ಯಾಟರಿ: ಕರೆಂಟ್ ಎಲ್ಲಿ ಸೋರುತ್ತಿದೆ ಎಂದು ಹಿಡಿಯುವುದು ಹೇಗೆ

ಸಂಜೆ ನಿಲ್ಲಿಸುವಾಗ ಗಾಡಿ ಸರಿಯಾಗಿಯೇ ಇತ್ತು. ಬೆಳಗ್ಗೆ ಕೀ ತಿರುಗಿಸಿದರೆ ಬಾನೆಟ್ ಒಳಗಿಂದ ಟಕಟಕ ಸದ್ದು, ಮೀಟರ್ ಬೋರ್ಡಿನ ದೀಪಗಳು ಮಂಕು, ಸೆಲ್ಫ್ ಹೊಡೆಯುವುದಿಲ್ಲ. ಪಕ್ಕದ ಮನೆಯವರ ಗಾಡಿಯಿಂದ ಜಂಪ್ ಕೊಟ್ಟರೆ ಒಂದೇ ಸಲಕ್ಕೆ ಸ್ಟಾರ್ಟ್; ಮರುದಿನ ಮತ್ತೆ ಅದೇ ರಾಗ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ನೇರ ಬ್ಯಾಟರಿ ಅಂಗಡಿಗೆ ಹೋಗುತ್ತಾರೆ. ಬ್ಯಾಟರಿಗೆ ನಾಲ್ಕು ವರ್ಷವಾಗಿದ್ದರೆ ಅದೇ ಸರಿಯಾದ ಮದ್ದೂ ಆಗಿರಬಹುದು. ಆದರೆ ತಪ್ಪು ಗಾಡಿಯ ವೈರಿಂಗಿನಲ್ಲಿದ್ದರೆ ಹೊಸ ಬ್ಯಾಟರಿಯೂ ಸ್ವಲ್ಪ ದಿನದಲ್ಲೇ ಮಲಗುತ್ತದೆ. ನಲ್ಲಿ ಸೋರುತ್ತಿರುವಾಗ ಟ್ಯಾಂಕ್ ಬದಲಾಯಿಸಿ ಏನು ಬಂತು?

ಹುಡುಕಲು ಬೇಕಾದ್ದು ಹೆಚ್ಚೇನಿಲ್ಲ. 10 ಆಂಪ್ ಅಳೆಯುವ ತೂತಿರುವ ಡಿಜಿಟಲ್ ಮಲ್ಟಿಮೀಟರ್, 10 ಎಂಎಂ ಸ್ಪ್ಯಾನರ್, ಎರಡು ಕ್ರೊಕೊಡೈಲ್ ಕ್ಲಿಪ್, ಎರಡಡಿ ಉದ್ದದ ದಪ್ಪ ವೈರ್, ಒಂದು ಸ್ಕ್ರೂಡ್ರೈವರ್. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಗಾಡಿಯಾದರೆ ಅದರ 12 ವೋಲ್ಟ್ ಬ್ಯಾಟರಿಯ ಸೋರಿಕೆ ಹುಡುಕಲೂ ಈ ಕ್ರಮವೇ ನಡೆಯುತ್ತದೆ, ಆದರೆ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳ ಹತ್ತಿರ ಕೈ ಹೋಗಕೂಡದು.

ಮೀಟರಿಗಿಂತ ಮೊದಲು ಲೆಕ್ಕ

ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು 35 ಎಎಚ್ (ಆಂಪಿಯರ್-ಅವರ್) ಬ್ಯಾಟರಿ. ಅಂದರೆ ಸತತವಾಗಿ 1 ಆಂಪ್ ಎಳೆದರೆ ಸುಮಾರು 35 ಗಂಟೆ ಬಾಳುತ್ತದೆ. ಸೆಲ್ಫ್ ನಿಲ್ಲಲು ಬ್ಯಾಟರಿ ಪೂರ್ತಿ ಖಾಲಿಯಾಗಬೇಕಿಲ್ಲ. 20 ಎಎಚ್‌ನಷ್ಟು ಹೋದರೆ ಸಾಕು. ರಾತ್ರಿ ಒಂಬತ್ತರಿಂದ ಬೆಳಗ್ಗೆ ಏಳರವರೆಗೆ 10 ಗಂಟೆ. ಹಾಗಾದರೆ ಪೂರ್ತಿ ಚಾರ್ಜಾದ, ಆರೋಗ್ಯವಂತ ಬ್ಯಾಟರಿ ಒಂದೇ ರಾತ್ರಿಯಲ್ಲಿ ಕೈಕೊಡಬೇಕಾದರೆ ಸುಮಾರು 2 ಆಂಪ್ ಸೋರಬೇಕು. ಇದು 24 ವ್ಯಾಟ್, ಹೆಚ್ಚೂಕಡಿಮೆ ಪಾರ್ಕಿಂಗ್ ದೀಪಗಳನ್ನೆಲ್ಲ ಹಾಕಿ ಮಲಗಿದ ಹಾಗೆ.

ಈ ಅಂಕಿಯನ್ನು ತಲೆಯಲ್ಲಿಟ್ಟುಕೊಂಡರೆ ಅರ್ಧ ಪತ್ತೇದಾರಿ ಮುಗಿದಂತೆ. ಎರಡು ಹೆಡ್‌ಲೈಟ್ ಮತ್ತು ಹಿಂದಿನ ದೀಪಗಳು ಸೇರಿ 11 ಆಂಪ್ ಆಸುಪಾಸು. ಎರಡು ಗಂಟೆ ಸಾಕು. 21 ವ್ಯಾಟಿನ ಎರಡು ಬ್ರೇಕ್ ಬಲ್ಬು ಉರಿಯುತ್ತಿದ್ದರೆ 3.5 ಆಂಪ್, ಬೆಳಗಿನ ಜಾವ ಮೂರರ ಹೊತ್ತಿಗೆ ಕತೆ ಮುಗಿಯುತ್ತದೆ. ಡಿಕ್ಕಿಯೊಳಗಿನ 5 ವ್ಯಾಟ್ ಬಲ್ಬು ಎಳೆಯುವುದು 0.4 ಆಂಪ್ ಮಾತ್ರ. ಹತ್ತು ಗಂಟೆಗೆ 4 ಎಎಚ್. ಒಳ್ಳೆಯ ಬ್ಯಾಟರಿ ಮರುದಿನ ಆರಾಮಾಗಿ ಸ್ಟಾರ್ಟ್ ಮಾಡುತ್ತದೆ, ಎರಡು ದಿನ ನಿಂತರೆ ಮಾತ್ರ ತೊಂದರೆ. ಗಡಿಯಾರ, ಇಮೊಬಿಲೈಸರ್ (ಕಳ್ಳತನ ತಡೆಯುವ ಸಾಧನ), ರಿಮೋಟ್ ಲಾಕ್ ಇವುಗಳ ನಿತ್ಯದ ಖರ್ಚು 20ರಿಂದ 50 ಮಿಲಿಆಂಪ್. 50 ಅಂತಲೇ ಹಿಡಿದರೂ ದಿನಕ್ಕೆ 1.2 ಎಎಚ್, ಎರಡು ವಾರ ತಡೆಯುತ್ತದೆ. ಡೀಸೆಲ್ ಗಾಡಿಗಳ 60-70 ಎಎಚ್ ಬ್ಯಾಟರಿಯಾದರೆ ಈ ಅವಧಿಗಳನ್ನೆಲ್ಲ ದುಪ್ಪಟ್ಟು ಮಾಡಿಕೊಳ್ಳಿ.

ಈ ಲೆಕ್ಕದ ಇನ್ನೊಂದು ಮುಖವನ್ನೇ ಎಲೆಕ್ಟ್ರಿಷಿಯನ್‌ಗಳೂ ಮರೆಯುತ್ತಾರೆ. ಮೀಟರಿನಲ್ಲಿ 0.3 ಆಂಪ್ ಸೋರಿಕೆ ಸಿಕ್ಕಿತು, ಮ್ಯೂಸಿಕ್ ಸಿಸ್ಟಮ್ ವೈರ್ ಕಿತ್ತರು, 'ಕಳ್ಳ ಸಿಕ್ಕಿದ' ಅಂದರು. ಆದರೆ 0.3 ಆಂಪ್ ರಾತ್ರಿಗೆ 3 ಎಎಚ್ ಅಷ್ಟೇ. ಅಷ್ಟಕ್ಕೇ ಬ್ಯಾಟರಿ ಮಲಗಿತು ಅಂದರೆ ಒಂದೋ ಬ್ಯಾಟರಿಯೊಳಗೆ ಈಗ 35 ಎಎಚ್ ಉಳಿದೇ ಇಲ್ಲ, ಇಲ್ಲವೇ ಅದು ಸಂಜೆಯೇ ಅರೆಹೊಟ್ಟೆಯಲ್ಲಿತ್ತು. ಸೋರಿಕೆ ಮುಚ್ಚಿದರೂ ಬೇರೆ ತಪ್ಪು ಹಾಗೇ ಉಳಿದಿದೆ.

ಗಾಡಿಯೋ, ಬ್ಯಾಟರಿಯೋ?

ಮೊದಲು ಬ್ಯಾಟರಿಯನ್ನು ಹೊರಗಿನ ಚಾರ್ಜರಿನಲ್ಲಿ ಪೂರ್ತಿ ಚಾರ್ಜ್ ಮಾಡಿ. ಎಎಚ್ ಎಷ್ಟಿದೆಯೋ ಅದರ ಹತ್ತನೇ ಒಂದು ಭಾಗದ ಆಂಪ್‌ನಲ್ಲಿ, ಅಂದರೆ 35 ಎಎಚ್‌ಗೆ 3.5 ಆಂಪ್‌ನಲ್ಲಿ, 10ರಿಂದ 12 ಗಂಟೆ. ಜಂಪ್ ಕೊಟ್ಟು ಊರು ಸುತ್ತಿ ಬಂದರೆ ಚಾರ್ಜ್ ಆಯಿತು ಅನ್ನುವುದು ಭ್ರಮೆ. ಇಳಿದ ಬ್ಯಾಟರಿ ತುಂಬಲು ಗಂಟೆಗಟ್ಟಲೆ ಬೇಕು. ಅರ್ಧ ಗಂಟೆ ಓಡಿಸಿದರೆ ಕಾಲು ಹೊಟ್ಟೆ, ಅಷ್ಟೇ. ಚಾರ್ಜ್ ಆಗುವಾಗ ಹೈಡ್ರೋಜನ್ ಏಳುತ್ತದೆ, ಹಾಗಾಗಿ ಗಾಳಿಯಾಡುವ ಜಾಗ ಬೇಕು, ಬೀಡಿ-ಊದುಬತ್ತಿ ದೂರವಿರಲಿ.

ಚಾರ್ಜರ್ ತೆಗೆದು ಮೂರ್ನಾಲ್ಕು ಗಂಟೆ ಬಿಟ್ಟು ವೋಲ್ಟ್ ನೋಡಿ. ತೆಗೆದ ತಕ್ಷಣ ನೋಡಿದರೆ 13 ದಾಟಿ ತೋರಿಸುತ್ತದೆ, ಅದು ಮೇಲ್ಮೈಯ ಹುಸಿ ಚಾರ್ಜ್. ವಿಶ್ರಾಂತಿಯಲ್ಲಿ 12.6 ಅಥವಾ ಮೇಲಿದ್ದರೆ ಪೂರ್ತಿ, 12.4 ಮುಕ್ಕಾಲು, 12.2 ಅರ್ಧ, 12.0 ಕಾಲು, 11.8 ಎಂದರೆ ಖಾಲಿ. ನೋಡಿ, ಪೂರ್ತಿಗೂ ಖಾಲಿಗೂ ನಡುವೆ ಒಂದು ವೋಲ್ಟೂ ಇಲ್ಲ. ಅದಕ್ಕೇ '12 ವೋಲ್ಟ್ ಇದೆಯಲ್ಲ, ಬ್ಯಾಟರಿ ಸರಿಯಾಗಿದೆ' ಅನ್ನುವ ಮಾತಿಗೆ ಬೆಲೆಯಿಲ್ಲ. ಚಾರ್ಜ್ ಮಾಡಿದ ಮೇಲೂ 10.5ರ ಹತ್ತಿರವೇ ನಿಂತರೆ ಆರರಲ್ಲಿ ಒಂದು ಸೆಲ್ ಸತ್ತಿದೆ. ಅದಕ್ಕೆ ಮದ್ದಿಲ್ಲ.

ಈಗ ದುಡ್ಡು ಖರ್ಚಿಲ್ಲದ ಒಂದು ಪರೀಕ್ಷೆ. ರಾತ್ರಿ ಮೈನಸ್ ಟರ್ಮಿನಲ್ ಬಿಚ್ಚಿ, ವೋಲ್ಟ್ ಬರೆದಿಟ್ಟು ಮಲಗಿ. ಬೆಳಗ್ಗೆ ಮತ್ತೆ ನೋಡಿ. ರಾತ್ರಿ 12.65 ಇದ್ದದ್ದು ಬೆಳಗ್ಗೆ 12.6 ಇದ್ದರೆ ಬ್ಯಾಟರಿ ಚಾರ್ಜ್ ಹಿಡಿದಿಡುತ್ತಿದೆ. ಯಾವ ವೈರೂ ಇಲ್ಲದೆ ತಾನೇ 12.2ಕ್ಕೆ ಇಳಿದಿದ್ದರೆ ಒಳಗೇ ಸೋರಿಕೆ. ಬ್ಯಾಟರಿ ಬದಲಾಯಿಸಿ, ಈ ಬರಹದ ಉಳಿದದ್ದು ನಿಮಗೆ ಬೇಕಿಲ್ಲ. ಮರುರಾತ್ರಿ ಟರ್ಮಿನಲ್ ಹಾಕಿಟ್ಟು ಇದನ್ನೇ ಮಾಡಿ. ಬಿಚ್ಚಿಟ್ಟಾಗ ನಿಂತದ್ದು ಹಾಕಿಟ್ಟಾಗ ಇಳಿದರೆ ಕಳ್ಳ ಗಾಡಿಯಲ್ಲಿದ್ದಾನೆ.

ಬಿಚ್ಚುವಾಗ ಯಾವಾಗಲೂ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಾಗಿದರೆ, ಮೈನಸ್ ಇನ್ನೂ ಹಾಕಿದ್ದಲ್ಲಿ, ಸ್ಪ್ಯಾನರ್ ಬೆಸುಗೆ ಹಾಕಿದಂತೆ ಅಂಟಿಕೊಂಡು ಕೆಂಪಗಾಗುತ್ತದೆ. ಕೈಯಲ್ಲಿ ಉಂಗುರ, ಬಳೆ, ಲೋಹದ ಗಡಿಯಾರ ಬೇಡ. ಮೈನಸ್ ಬಿಚ್ಚಿದ ಮೇಲೆ ರಿಮೋಟ್ ಲಾಕ್ ಕೆಲಸ ಮಾಡದು, ಕೀಯಿಂದಲೇ ಬೀಗ ಹಾಕಬೇಕು. ಕೆಲವು ಗಾಡಿಗಳಲ್ಲಿ ಮ್ಯೂಸಿಕ್ ಸಿಸ್ಟಮ್ ಕೋಡ್ ಕೇಳುತ್ತದೆ, ಪವರ್ ವಿಂಡೋದ ಆಟೋ ಮತ್ತೆ ಕಲಿಸಬೇಕಾಗುತ್ತದೆ.

ವಯಸ್ಸಾದ ಬ್ಯಾಟರಿ ವೋಲ್ಟ್ ಸರಿಯಾಗಿ ತೋರಿಸಿ ಭಾರ ಬಿದ್ದಾಗ ಕುಸಿಯುವುದುಂಟು. ಮೀಟರ್ ಕಡ್ಡಿಗಳನ್ನು ಟರ್ಮಿನಲ್‌ಗೆ ಹಿಡಿದು ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ತಿರುಗುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ. ಸೆಲ್ಫ್ ತಿರುಗದೆ, ಮೀಟರಿನಲ್ಲಿ 12 ವೋಲ್ಟ್ ಕದಲದೇ ನಿಂತಿದ್ದರೆ ಅದು ಬೇರೆ ಕಾಯಿಲೆ: ಟರ್ಮಿನಲ್ ಸಡಿಲ, ಅರ್ಥ್ ಪಟ್ಟಿಗೆ ತುಕ್ಕು, ಅಥವಾ ಸ್ಟಾರ್ಟರ್ ಮೋಟಾರೇ ಕೆಟ್ಟಿದೆ. ಒಂದು ಸಣ್ಣ ಉಪಾಯ: ಕಡ್ಡಿಯನ್ನು ಸೀಸದ ಕಂಬಕ್ಕೆ ಒತ್ತಿ ಒಂದು ಸಲ, ಅದಕ್ಕೆ ಬಿಗಿದ ಕ್ಲ್ಯಾಂಪಿಗೆ ಒತ್ತಿ ಒಂದು ಸಲ ನೋಡಿ. ಸೆಲ್ಫ್ ಹೊಡೆಯುವಾಗ ಎರಡರ ನಡುವೆ ಅರ್ಧ ವೋಲ್ಟ್ ವ್ಯತ್ಯಾಸ ಬಂದರೆ ನಡುವೆ ಬಿಳಿ-ಹಸಿರು ಪುಡಿ ಕೂತಿದೆ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಉಜ್ಜಿ, ಒಣಗಿಸಿ ಬಿಗಿದು, ಮೇಲೆ ವ್ಯಾಸಲಿನ್ ಸವರಿ. ಉಡುಪಿ, ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಇದು ವರ್ಷಕ್ಕೊಂದು ಸಲ ಮಾಡುವ ಕೆಲಸ.

ಬ್ಯಾಟರಿಯ ಮೇಲ್ಭಾಗವೂ ಕರೆಂಟ್ ತಿನ್ನುತ್ತದೆ. ಆಸಿಡ್ ಹಬೆ, ಧೂಳು, ಮಳೆಗಾಲದ ತೇವ ಸೇರಿದರೆ ಪ್ಲಸ್ಸಿನಿಂದ ಮೈನಸ್ಸಿಗೆ ಪ್ಲಾಸ್ಟಿಕ್ ಮೇಲೇ ದಾರಿಯಾಗುತ್ತದೆ. ಒಂದು ಕಡ್ಡಿ ಮೈನಸ್ ಕಂಬಕ್ಕೆ, ಇನ್ನೊಂದನ್ನು ಮುಚ್ಚಳದ ಮೇಲೆ ಅಲ್ಲಲ್ಲಿ ಇಟ್ಟು ನೋಡಿ. ಅರ್ಧ ವೋಲ್ಟಿಗೂ ಹೆಚ್ಚು ತೋರಿಸಿದರೆ ಸೋಡಾ ನೀರಿನ ಬಟ್ಟೆಯಲ್ಲಿ ಒರೆಸಿ. ರಾತ್ರಿಯೊಂದರಲ್ಲಿ ಬ್ಯಾಟರಿ ಇಳಿಸುವಷ್ಟು ದೊಡ್ಡ ಸೋರಿಕೆಯಲ್ಲ, ಆದರೂ ಎರಡು ನಿಮಿಷದ ಕೆಲಸ. ಬಿರಡೆ ತೆಗೆಯುವ ಬಗೆಯ ಬ್ಯಾಟರಿಯಾದರೆ ನೀರಿನ ಮಟ್ಟವನ್ನೂ ನೋಡಿ, ಕಮ್ಮಿ ಇದ್ದಲ್ಲಿ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಅದು ಬೇಗ ಆರುತ್ತದೆ. ಸೀಲ್ ಬ್ಯಾಟರಿಯ ಮೇಲಿನ ಹಸಿರು ಕಣ್ಣನ್ನು ಪೂರ್ತಿ ನಂಬಬೇಡಿ. ಅದು ನೋಡುವುದು ಆರರಲ್ಲಿ ಒಂದೇ ಸೆಲ್ಲನ್ನು.

ಚಾರ್ಜೇ ಆಗುತ್ತಿಲ್ಲವೇ?

ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.5 ವೋಲ್ಟ್ ಇರಬೇಕು. ಹೆಡ್‌ಲೈಟ್, ಎಸಿ, ಹಿಂಗಾಜಿನ ಹೀಟರ್ ಎಲ್ಲ ಹಾಕಿ 1500 ಆರ್‌ಪಿಎಂ ಕೊಟ್ಟಾಗಲೂ 13.5ಕ್ಕಿಂತ ಕೆಳಗಿಳಿಯಬಾರದು. 12.5ರಲ್ಲೇ ಇದ್ದರೆ ಆಲ್ಟರ್ನೇಟರ್, ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಡೈನಮೊ, ಕೆಲಸ ಮಾಡುತ್ತಿಲ್ಲ. ಬೆಲ್ಟ್ ಸಡಿಲವೋ, ಕಾರ್ಬನ್ ಬ್ರಷ್ ಸವೆದಿದೆಯೋ ನೋಡಿಸಿ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ಕುದಿಯುತ್ತಿದೆ. ಕೆಲವು ಹೊಸ ಗಾಡಿಗಳಲ್ಲಿ ಇಂಧನ ಉಳಿಸಲು ಕಂಪ್ಯೂಟರೇ ಚಾರ್ಜಿಂಗ್ ಏರಿಸಿ ಇಳಿಸುತ್ತದೆ. ಅಲ್ಲಿ ಒಂದು ಕ್ಷಣ 12.8 ಕಂಡರೆ ಗಾಬರಿ ಬೇಡ, ಹತ್ತು ನಿಮಿಷ ಗಮನಿಸಿ.

ಡೈನಮೊ ನೋಡಲು ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಕಿತ್ತು 'ನಿಂತಿತಾ ನೋಡಿ' ಅನ್ನುವ ಹಳೇ ಪದ್ಧತಿ ಇನ್ನೂ ಸತ್ತಿಲ್ಲ. ಕಾರ್ಬುರೇಟರ್ ಕಾಲದ ಗಾಡಿಗೆ ಅದು ನಡೆಯುತ್ತಿತ್ತು. ಈಗಿನ ಗಾಡಿಯಲ್ಲಿ ವೈರ್ ಕಿತ್ತ ಗಳಿಗೆಯಲ್ಲಿ ವೋಲ್ಟೇಜ್ ಚಿಮ್ಮಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಸುಡಬಹುದು. ಯಾರೇ ಹೇಳಿದರೂ ಹಾಗೆ ಮಾಡಲು ಬಿಡಬೇಡಿ.

ಓಡಾಟವೇ ಸಾಲದಿರುವುದೂ ಉಂಟು. ಸೆಲ್ಫ್ ಬಹಳ ತಿನ್ನುತ್ತದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ: 150 ಆಂಪ್ ಎರಡು ಸೆಕೆಂಡ್ ಎಳೆದರೆ 0.08 ಎಎಚ್, ಕೆಲವೇ ನಿಮಿಷದಲ್ಲಿ ವಾಪಸ್. ನಿಜವಾದ ಖರ್ಚು ನಿಂತಾಗಿನದು. ವಾರಕ್ಕೊಮ್ಮೆ ಮಾರ್ಕೆಟ್ಟಿಗೆ ಹೋಗಿ ಬರುವ ಗಾಡಿ ಏಳು ದಿನದಲ್ಲಿ ಸುಮ್ಮನೆ 8 ಎಎಚ್ ಕಳೆದುಕೊಂಡಿರುತ್ತದೆ. ಸಿಗ್ನಲ್‌ಗಳ ನಡುವೆ ಎಸಿ ಹಾಕಿಕೊಂಡು ತೆವಳುವ ಕಾಲು ಗಂಟೆಯಲ್ಲಿ ಅದರಲ್ಲಿ ಕಾಲುಭಾಗ ತುಂಬಿದರೆ ಹೆಚ್ಚು. ಹೀಗೆ ಪ್ರತಿ ವಾರ ಸ್ವಲ್ಪ ಸ್ವಲ್ಪ ಇಳಿದು ಒಂದು ಸೋಮವಾರ 'ರಾತ್ರೋರಾತ್ರಿ' ಮಲಗುತ್ತದೆ. ಆ ರಾತ್ರಿಯ ತಪ್ಪೇನೂ ಇರುವುದಿಲ್ಲ.

ಸೋರಿಕೆ ಅಳೆಯುವುದು

ಇಲ್ಲಿ ಅವಸರ ಮಾಡಿದರೆ ಮೀಟರಿನ ಫ್ಯೂಸ್ ಹೋಗುತ್ತದೆ, ಅಥವಾ ತಪ್ಪು ಅಂಕಿ ನೋಡಿ ತಪ್ಪು ಕಡೆ ಹುಡುಕುತ್ತೀರಿ.

ಕೆಂಪು ವೈರನ್ನು ಮೀಟರಿನ 10 ಆಂಪ್ ತೂತಿಗೆ ಹಾಕಿ. ಮಿಲಿಆಂಪ್ ತೂತಿಗೆ ಹಾಕಿದರೆ ಒಳಗಿನ ಸಣ್ಣ ಫ್ಯೂಸ್ ಮೊದಲ ಗಳಿಗೆಯಲ್ಲೇ ಹಾರುತ್ತದೆ. ಹಾರಿದ ಫ್ಯೂಸಿನ ಮೀಟರ್ 0.00 ತೋರಿಸುತ್ತದೆ, ನೀವು 'ಸೋರಿಕೆಯೇ ಇಲ್ಲ' ಅಂದುಕೊಳ್ಳುತ್ತೀರಿ. ಅದಕ್ಕೇ ಮೊದಲು ಮೀಟರನ್ನು ಬ್ಯಾಟರಿ ಮತ್ತು ಒಂದು 5 ವ್ಯಾಟ್ ಬಲ್ಬಿನ ಜೊತೆ ಸಾಲಾಗಿ, ಒಂದರ ಹಿಂದೆ ಒಂದರಂತೆ ಜೋಡಿಸಿ 0.4 ಆಂಪ್ ತೋರಿಸುತ್ತದೆಯೇ ನೋಡಿಕೊಳ್ಳಿ. ಅಗ್ಗದ ಮೀಟರ್‌ಗಳಲ್ಲಿ 10 ಆಂಪ್ ತೂತಿಗೆ ಫ್ಯೂಸೇ ಇರುವುದಿಲ್ಲ. ಆ ತೂತಿನಲ್ಲಿ ವೈರ್ ಇರುವಾಗ ಕಡ್ಡಿಗಳನ್ನು ಅಪ್ಪಿತಪ್ಪಿಯೂ ಪ್ಲಸ್-ಮೈನಸ್ಸಿಗೆ ನೇರ ಇಡಬೇಡಿ, ಅದು ಶಾರ್ಟ್ ಮಾಡಿದ ಹಾಗೆ.

ಗಾಡಿ ಆಫ್, ಕೀ ಹೊರಗೆ. ಬಟನ್ ಸ್ಟಾರ್ಟ್ ಗಾಡಿಯಾದರೆ ಕೀಯನ್ನು ಮನೆಯೊಳಗೆ ದೂರ ಇಡಿ, ಹತ್ತಿರವಿದ್ದರೆ ಗಾಡಿ ಎಚ್ಚರವಾಗಿಯೇ ಇರುತ್ತದೆ. ಫ್ಯೂಸ್ ಬಾಕ್ಸ್ ತಲುಪಲು ಡ್ರೈವರ್ ಬಾಗಿಲು ತೆರೆದಿರಬೇಕು, ಆದರೆ ಗಾಡಿಗೆ ಅದು ಮುಚ್ಚಿದೆ ಎನ್ನಿಸಬೇಕು. ಬಾಗಿಲ ಅಂಚಿನ ಲಾಕಿನ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಒಳಕ್ಕೆ ತಿರುಗಿಸಿದರೆ ಕಟ್ ಎಂದು ಕೂರುತ್ತದೆ, ಒಳದೀಪ ಆರುತ್ತದೆ. ಕೆಲಸ ಮುಗಿದ ಮೇಲೆ ಹ್ಯಾಂಡಲ್ ಎಳೆದು ಕೊಕ್ಕೆ ಬಿಡಿಸಲು ಮರೆತು ಬಾಗಿಲು ಬಡಿದರೆ ಲಾಕ್ ಹಾಳು. ಬಾನೆಟ್ಟಿಗೂ ಸ್ವಿಚ್ ಇದ್ದರೆ ಅದನ್ನೂ ಒತ್ತಿಡಿ.

ಮೈನಸ್ ಕ್ಲ್ಯಾಂಪಿನ ನಟ್ ಸಡಿಲಿಸಿ, ಆದರೆ ಇನ್ನೂ ಎತ್ತಬೇಡಿ. ಮೀಟರಿನ ಒಂದು ಕ್ಲಿಪ್ಪು ಬ್ಯಾಟರಿ ಕಂಬಕ್ಕೆ, ಇನ್ನೊಂದು ಕ್ಲ್ಯಾಂಪಿಗೆ. ಜೊತೆಗೆ ಅದೇ ಎರಡು ಜಾಗದ ನಡುವೆ ದಪ್ಪ ವೈರನ್ನೂ ಹಾಕಿ. ಈಗ ಕ್ಲ್ಯಾಂಪ್ ಎತ್ತಿ. ಒಂದು ಗಳಿಗೆಯೂ ಕರೆಂಟ್ ಕಡಿಯಲಿಲ್ಲ, ಇದು ಮುಖ್ಯ: ಕಡಿದು ಜೋಡಿಸಿದರೆ ಗಾಡಿಯ ಎಲ್ಲ ಮಾಡ್ಯೂಲ್‌ಗಳು (ಒಳಗಿನ ಸಣ್ಣ ಕಂಪ್ಯೂಟರುಗಳು) ಎದ್ದು ಕೂರುತ್ತವೆ. ಕೆಲವೊಮ್ಮೆ ತಪ್ಪಿನಲ್ಲಿ ಸಿಕ್ಕಿ ಎಚ್ಚರವಿದ್ದ ಮಾಡ್ಯೂಲ್ ಈ ಕಡಿತದಿಂದಲೇ ಸರಿಹೋಗಿ, ಸಾಕ್ಷಿಯೇ ಅಳಿಸಿಹೋಗುತ್ತದೆ.

ಅರ್ಧ ಗಂಟೆ ಕಾಯಿರಿ. ಕೀ ತೆಗೆದ ಮೇಲೆ ಮಾಡ್ಯೂಲ್‌ಗಳು ಒಂದೊಂದಾಗಿ ಮಲಗಲು 10ರಿಂದ 30 ನಿಮಿಷ ಬೇಕು, ಕೆಲವು ಗಾಡಿಗಳಿಗೆ ಗಂಟೆಯೂ ಬೇಕು. ಆಮೇಲೆ ದಪ್ಪ ವೈರ್ ತೆಗೆಯಿರಿ. ಕರೆಂಟ್ ಈಗ ಮೀಟರಿನ ಮೂಲಕವೇ ಹರಿಯುತ್ತದೆ. ಈ ಹೊತ್ತಿನಲ್ಲಿ ಕೀ ತಿರುಗಿಸುವುದು, ಸೆಲ್ಫ್ ಹೊಡೆಯುವುದು ಕೂಡದು.

0.02ರಿಂದ 0.05 ಕಂಡರೆ ಗಾಡಿ ಸ್ವಚ್ಛ. ಸೆಕ್ಯುರಿಟಿ ದೀಪ ಮಿನುಗಿದಾಗೊಮ್ಮೆ ಅಂಕಿ ತುಸು ಕುಣಿಯುವುದು ಸಹಜ. 0.1 ದಾಟಿದರೆ ಹುಡುಕಲು ಕಾರಣವಿದೆ. ಮೊದಲು 3-4 ಆಂಪ್ ಇದ್ದು ಮೆಟ್ಟಿಲಿಳಿದಂತೆ ಇಳಿಯುತ್ತಿದ್ದರೆ ಇನ್ನಷ್ಟು ಕಾಯಿರಿ. ಇಳಿದದ್ದು ಕೆಲವು ನಿಮಿಷಕ್ಕೊಮ್ಮೆ ಮತ್ತೆ ಏರುತ್ತಿದ್ದರೆ ಯಾವುದೋ ಒಂದು ಸಾಧನ ಉಳಿದವರನ್ನೆಲ್ಲ ಎಬ್ಬಿಸುತ್ತಿದೆ. ಅಂಥ ಸೋರಿಕೆ ಎರಡು ನಿಮಿಷ ಮೀಟರ್ ಹಿಡಿದು ನೋಡುವವರ ಕಣ್ಣಿಗೆ ಬೀಳುವುದೇ ಇಲ್ಲ.

ಯಾವ ಫ್ಯೂಸ್?

ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಮೀಟರ್ ಇಳಿಯುತ್ತದೆಯೇ ನೋಡುವುದು ಎಲ್ಲರಿಗೂ ಗೊತ್ತಿರುವ ದಾರಿ. ಹಳೇ ಗಾಡಿಗೆ ಸಾಕು. ಹೊಸ ಗಾಡಿಯಲ್ಲಿ ಪ್ರತಿ ಫ್ಯೂಸ್ ಮತ್ತೆ ಹಾಕಿದಾಗಲೂ ಒಂದು ಮಾಡ್ಯೂಲ್ ಏಳುತ್ತದೆ, ಮತ್ತೆ ಅರ್ಧ ಗಂಟೆ ಕಾಯಬೇಕು. ಇದಕ್ಕಿಂತ ಒಳ್ಳೆಯದು ಫ್ಯೂಸನ್ನು ಮುಟ್ಟದೆ ಅದರ ಮೇಲಿನ ಮಿಲಿವೋಲ್ಟ್ ಅಳೆಯುವುದು. ಇದಕ್ಕೆ ಬ್ಯಾಟರಿ ಬಿಚ್ಚುವುದೂ ಬೇಕಿಲ್ಲ.

ಬ್ಲೇಡ್ ಫ್ಯೂಸಿನ ಬೆನ್ನಿನ ಮೇಲೆ ಎರಡು ಸಣ್ಣ ಲೋಹದ ಚುಕ್ಕೆ ಕಾಣುತ್ತವೆ. ಮೀಟರನ್ನು 200 ಮಿಲಿವೋಲ್ಟ್ ಡಿಸಿಗೆ ಇಟ್ಟು ಒಂದೊಂದು ಕಡ್ಡಿ ಒಂದೊಂದು ಚುಕ್ಕೆಗೆ ಒತ್ತಿ. 0.0 ಬಂದರೆ ಆ ದಾರಿಯಲ್ಲಿ ಕರೆಂಟಿಲ್ಲ. ಏನಾದರೂ ಬಂದರೆ ಹರಿಯುತ್ತಿದೆ: ಕೆಂಪು ಬಣ್ಣದ 10 ಆಂಪ್ ಫ್ಯೂಸಿನಲ್ಲಿ 1 ಮಿಲಿವೋಲ್ಟ್ ಎಂದರೆ ಸುಮಾರು 130 ಮಿಲಿಆಂಪ್, ನೀಲಿ 15ರಲ್ಲಿ 200, ಹಳದಿ 20ರಲ್ಲಿ 300. ಅಂದಾಜಿನ ಅಂಕಿಗಳೇ, ಆದರೆ ಕಳ್ಳನ ಮನೆ ತೋರಿಸಲು ಸಾಕು. ಡ್ಯಾಶ್‌ಬೋರ್ಡ್ ಕೆಳಗಿನ ಬಾಕ್ಸ್ ಮೊದಲು, ಬಾನೆಟ್ಟಿನದು ಆಮೇಲೆ. ಯಾವ ಫ್ಯೂಸಿನ ಮೇಲೆ ಏನೇನಿದೆ ಎಂಬುದು ಬಾಕ್ಸಿನ ಮುಚ್ಚಳದ ಒಳಗೋ ಗಾಡಿಯ ಪುಸ್ತಕದಲ್ಲೋ ಇರುತ್ತದೆ. ಅದರಲ್ಲಿರುವ ಒಂದೊಂದು ಸಾಧನದ ಸಾಕೆಟ್ ಬಿಚ್ಚುತ್ತಾ ಬಂದರೆ ಕೊನೆಗೆ ಒಂದೇ ಉಳಿಯುತ್ತದೆ.

ಸಾಮಾನ್ಯವಾಗಿ ಸಿಕ್ಕಿಬೀಳುವವರು

ಕಂಪನಿ ಹಾಕಿ ಕೊಟ್ಟದ್ದಕ್ಕಿಂತ ಆಮೇಲೆ ಅಂಗಡಿಯಲ್ಲಿ ಹಾಕಿಸಿದ್ದರ ಮೇಲೆ ಮೊದಲು ಅನುಮಾನ ಪಡಿ. ಮ್ಯೂಸಿಕ್ ಸಿಸ್ಟಮ್ಮಿನ ಹಿಂದೆ ಹಳದಿ ವೈರ್ ನೆನಪಿಗಾಗಿ ಸದಾ ಪ್ಲಸ್, ಕೆಂಪು ವೈರ್ ಕೀ ತಿರುಗಿಸಿದಾಗ ಮಾತ್ರ ಪ್ಲಸ್. ಕೀ ಲೈನ್ ಹುಡುಕುವ ಸೋಮಾರಿತನಕ್ಕೆ ಎರಡನ್ನೂ ಒಟ್ಟಿಗೆ ತಿರುಚಿ ಹಳದಿಗೇ ಕೊಟ್ಟುಬಿಡುತ್ತಾರೆ. ಪರದೆ ಆರಿದ್ದರೂ ಸೆಟ್ಟು ಒಳಗೊಳಗೇ ಎಚ್ಚರವಿರುತ್ತದೆ. ಕೀ ತೆಗೆದ ಮೇಲೆ ಕೆಂಪು ವೈರಿನಲ್ಲಿ 12 ವೋಲ್ಟ್ ಇದ್ದರೆ ತಪ್ಪು ಅಲ್ಲೇ. ಕೀ ಆಫ್ ಮಾಡಿದಾಗ ಸೊನ್ನೆಯಾಗುವ ಒಂದು ಫ್ಯೂಸ್ ಹುಡುಕಿ, ಫ್ಯೂಸ್ ಟ್ಯಾಪ್ ಹಾಕಿ, ಕೆಂಪನ್ನು ಅಲ್ಲಿಗೆ ಕೊಡಿ. ಆಂಪ್ಲಿಫೈಯರ್ ಇದ್ದರೆ ಅದರ ರಿಮೋಟ್ ವೈರನ್ನೂ ಹೀಗೇ ನೋಡಿ. ಅದನ್ನು ನೇರ ಬ್ಯಾಟರಿಗೆ ಕಟ್ಟಿದ್ದರೆ ಆಂಪ್ಲಿಫೈಯರ್ ರಾತ್ರಿಯಿಡೀ ಬೆಚ್ಚಗಿರುತ್ತದೆ.

ಪಾರ್ಕಿಂಗ್ ಮೋಡಿನ ಡ್ಯಾಶ್‌ಕ್ಯಾಮ್ ತಪ್ಪಿನಿಂದಲ್ಲ, ಸೆಟ್ಟಿಂಗಿನಿಂದ ಬ್ಯಾಟರಿ ಕುಡಿಯುತ್ತದೆ. ಅದರ ಕಿಟ್ಟಿನಲ್ಲಿ 'ಇಷ್ಟು ವೋಲ್ಟಿಗೆ ಇಳಿದರೆ ನಿಲ್ಲು' ಎಂಬ ಆಯ್ಕೆ ಇರುತ್ತದೆ. 12.0ಕ್ಕೆ ಇಟ್ಟಿದ್ದರೆ ಅದು ನಿಲ್ಲುವಾಗ ಬ್ಯಾಟರಿಯಲ್ಲಿ ಕಾಲುಭಾಗ ಮಾತ್ರ ಉಳಿದಿರುತ್ತದೆ, 12.4ಕ್ಕೆ ಏರಿಸಿ. ಓಬಿಡಿ ಪೋರ್ಟಿಗೆ (ಮೆಕ್ಯಾನಿಕ್ ಸ್ಕ್ಯಾನರ್ ಹಾಕುವ ಸಾಕೆಟ್) ಸಿಕ್ಕಿಸಿದ ಬ್ಲೂಟೂತ್ ಡಾಂಗಲ್ ತಾನು ತಿನ್ನುವುದು ಅಲ್ಪ, ಆದರೆ ಗಾಡಿಯ ಕಂಪ್ಯೂಟರುಗಳನ್ನು ಮಲಗಲು ಬಿಡದಿರುವುದುಂಟು. ಹಳದಿ ಬೋರ್ಡ್ ಗಾಡಿಗಳ ಎಐಎಸ್-140 ಟ್ರ್ಯಾಕರ್ (ಗಾಡಿ ಎಲ್ಲಿದೆ ಎಂದು ತಿಳಿಸುವ ಕಡ್ಡಾಯ ಸಾಧನ) ಸದಾ ಪ್ಲಸ್ಸಿನಲ್ಲೇ ಇರಬೇಕಾದ್ದು, ಅದನ್ನು ಕೀಳುವಂತಿಲ್ಲ. ಅದು ಅತಿಯಾಗಿ ಎಳೆಯುತ್ತಿದ್ದರೆ ಹಾಕಿದವರೇ ಬದಲಿಸಬೇಕು. ಫಾಸ್ಟ್ಯಾಗ್ ಮೇಲೆ ಅನುಮಾನ ಪಡುವವರೂ ಇದ್ದಾರೆ. ಅದಕ್ಕೆ ವೈರೂ ಇಲ್ಲ, ಬ್ಯಾಟರಿಯೂ ಇಲ್ಲ.

ಕಂಪನಿಯ ಭಾಗಗಳಲ್ಲಿ ಅತಿ ಸಣ್ಣದೊಂದು ಅತಿ ದೊಡ್ಡ ಸೋರಿಕೆ ಮಾಡುತ್ತದೆ. ಬ್ರೇಕ್ ಪೆಡಲಿನ ತೋಳಿನಲ್ಲಿ, ಸ್ವಿಚ್ಚಿನ ಮೂತಿಗೆ ಎದುರಾಗಿ, ಗುಂಡಿಯಷ್ಟು ಅಗಲದ ರಬ್ಬರ್ ಅಥವಾ ಪ್ಲಾಸ್ಟಿಕ್ ಸ್ಟಾಪರ್ ಇರುತ್ತದೆ. ಬಿಸಿಲಿಗೆ, ವಯಸ್ಸಿಗೆ ಅದು ಪುಡಿಯಾಗಿ ಉದುರಿದರೆ ಸ್ವಿಚ್ಚಿನ ಮೂತಿ ತೂತಿನೊಳಗೆ ತೂರಿ, ಕಾಲು ತೆಗೆದರೂ ಬ್ರೇಕ್ ದೀಪ ಆರುವುದಿಲ್ಲ. ಗಾಡಿಯನ್ನು ಗೋಡೆಗೆ ಹಿಮ್ಮುಖವಾಗಿ ನಿಲ್ಲಿಸುವವರಿಗೆ ಇದು ಕಾಣುವುದೇ ಇಲ್ಲ. ಪೆಡಲಿನ ಕೆಳಗಿನ ಕಾರ್ಪೆಟ್ ಮೇಲೆ ಪ್ಲಾಸ್ಟಿಕ್ ಚೂರು ಬಿದ್ದಿದ್ದರೆ ಮೀಟರೇ ಬೇಡ. ಹೊಸ ಸ್ಟಾಪರ್ ಅಗ್ಗದ ವಸ್ತು. ಸಿಗುವವರೆಗೆ ಸರಿಯಾದ ಅಳತೆಯ ಬೋಲ್ಟು-ನಟ್ಟು ಆ ತೂತಿಗೆ ಬಿಗಿದರೂ ನಡೆಯುತ್ತದೆ.

ಡಿಕ್ಕಿ ಮುಚ್ಚಿದ ಮೇಲೆ ದೀಪ ಆರಿತೇ ಎಂಬುದನ್ನು ನೋಡಲು ಫೋನನ್ನು ವಿಡಿಯೋಗೆ ಹಾಕಿ ಒಳಗಿಟ್ಟು ಮುಚ್ಚಿ. ಗ್ಲೋವ್ ಬಾಕ್ಸಿಗೂ ಹೀಗೇ. ಅರ್ಧ ಗಂಟೆಯ ನಂತರ ಆ ಬಲ್ಬಿನ ಗಾಜು ಮುಟ್ಟಿದರೆ ಬೆಚ್ಚಗಿದ್ದರೂ ಉತ್ತರ ಸಿಕ್ಕಿತು. ಬಾನೆಟ್ಟಿನ ರಿಲೇಗಳನ್ನೂ (ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್ಚುಗಳು) ಕೈಯಿಂದ ಮುಟ್ಟಿ ನೋಡಬಹುದು. ಗಂಟೆಗಟ್ಟಲೆ ನಿಂತ ಗಾಡಿಯಲ್ಲಿ ಬೆಚ್ಚಗಿರುವ ರಿಲೇ ಎಂದರೆ ಅದರ ಸುರುಳಿಗೆ ಈಗಲೂ ಕರೆಂಟ್ ಹೋಗುತ್ತಿದೆ. ಒಳಗೆ ಬೆಸೆದುಕೊಂಡು ಆಫ್ ಆಗದ ರಿಲೇಯನ್ನು ಬಡಿದು ಬಿಡಿಸಿ ಮುಂದೆ ಹೋಗಬೇಡಿ, ಬದಲಾಯಿಸಿ. ಇಲಿ ಕಡಿದ ವೈರ್ ಇದ್ದರೆ ಮಳೆ ಬಂದ ರಾತ್ರಿ ಮಾತ್ರ ಸೋರಿಕೆ ಕಾಣಿಸಬಹುದು. ಹಾಗಾಗಿ ಒಣ ದಿನದ ಅಳತೆಯೊಂದನ್ನೇ ನೆಚ್ಚಬೇಡಿ.

ಸಣ್ಣ ಫ್ಯೂಸುಗಳಲ್ಲೆಲ್ಲ ಸೊನ್ನೆ, ಮೀಟರಿನಲ್ಲಿ ಮಾತ್ರ ಒಂದು ಆಂಪ್ ಅಥವಾ ಹೆಚ್ಚು ಉಳಿದಿದೆ ಎಂದಾದರೆ ಡೈನಮೊ ನೋಡಿ. ಅದರ ದಪ್ಪ ಕೇಬಲ್ ಸಣ್ಣ ಫ್ಯೂಸುಗಳ ಹಂಗಿಲ್ಲದೆ ಬ್ಯಾಟರಿಗೆ ಹೋಗುತ್ತದೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಳಗಿನ ಡಯೋಡ್ ಕೆಟ್ಟರೆ ಕರೆಂಟ್ ಹಿಂದಕ್ಕೆ ಹರಿಯುತ್ತದೆ. ಬೆಳಗ್ಗೆ ತಣ್ಣಗಿನ ಎಂಜಿನ್ನಿನಲ್ಲಿ ಡೈನಮೊ ಒಂದೇ ಬೆಚ್ಚಗಿದ್ದರೆ ಸಂಶಯವೇ ಬೇಡ. ಖಚಿತ ಮಾಡಲು ಎಂಜಿನ್ ಓಡಿಸಿ, ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಬ್ಯಾಟರಿ ಮೇಲೆ ನೋಡಿ: 0.5 ದಾಟಿದರೆ ಡಯೋಡ್ ಹೋಗಿದೆ. ಕೆಲವು ಅಗ್ಗದ ಮೀಟರ್‌ಗಳು ಡಿಸಿಯನ್ನೂ ಎಸಿ ಎಂದು ತೋರಿಸಿ ದಾರಿ ತಪ್ಪಿಸುತ್ತವೆ, ಎಂಜಿನ್ ಆಫ್ ಇದ್ದಾಗ ಅದೇ ಅಳತೆಯಲ್ಲಿ ಸೊನ್ನೆ ಬರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಡೈನಮೊ ಕೇಬಲ್ ಬಿಚ್ಚಿ ನೋಡುವುದಾದರೆ ಬ್ಯಾಟರಿಯ ಮೈನಸ್ ಮೊದಲು ತೆಗೆಯಿರಿ, ಕೇಬಲ್ ತುದಿಗೆ ಟೇಪ್ ಸುತ್ತಿ, ಆಮೇಲೆ ಮೈನಸ್ ಜೋಡಿಸಿ ಸೋರಿಕೆ ಅಳೆಯಿರಿ. ಹಾಗೆ ಬಿಚ್ಚಿರುವಾಗ ಎಂಜಿನ್ ಸ್ಟಾರ್ಟ್ ಮಾಡಬೇಡಿ.

ಸರಿಪಡಿಸಿದ ಮೇಲೆ

ಬ್ಯಾಟರಿಯನ್ನು ಮತ್ತೆ ಹೊರಗಿನ ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ. ಖಾಲಿ ಹೊಟ್ಟೆಯಲ್ಲಿ ದಿನಗಟ್ಟಲೆ ಬಿದ್ದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಮತ್ತೆ ಮತ್ತೆ ಇಳಿದದ್ದು ಮೊದಲಿನ ತಾಕತ್ತಿಗೆ ಬರುವುದಿಲ್ಲ. ಬದಲಾಯಿಸಬೇಕಾದರೆ ಹಳೆಯದರ ಅಳತೆಯದನ್ನೇ ತನ್ನಿ. 38ಬಿ20ಎಲ್ ಎಂಬಂಥ ಗುರುತಿನ ಕೊನೆಯ ಎಲ್ ಅಥವಾ ಆರ್ ಪ್ಲಸ್ ಯಾವ ಕಡೆ ಎಂದು ಹೇಳುತ್ತದೆ, ಅದು ತಪ್ಪಿದರೆ ಕೇಬಲ್ ಎಟುಕುವುದಿಲ್ಲ. ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗುವ ಗಾಡಿಗೆ ಪದೇ ಪದೇ ಸ್ಟಾರ್ಟ್ ತಾಳುವ ಇಎಫ್‌ಬಿ ಅಥವಾ ಎಜಿಎಂ ಬಗೆಯ ಬ್ಯಾಟರಿ ಇದ್ದಲ್ಲಿ ಅದನ್ನೇ ಹಾಕಬೇಕು. ಸಾದಾ ಬ್ಯಾಟರಿ ಅಲ್ಲಿ ಬಾಳುವುದಿಲ್ಲ.

ಜಂಪ್ ಕೊಡುವ ಕ್ರಮ ಇಷ್ಟು: ಕೆಂಪು ಇಳಿದ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ತುದಿ ಒಳ್ಳೆಯದರ ಪ್ಲಸ್ಸಿಗೆ, ಕಪ್ಪು ಒಳ್ಳೆಯದರ ಮೈನಸ್ಸಿಗೆ, ಕೊನೆಯ ತುದಿ ಇಳಿದ ಗಾಡಿಯ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಕೊನೆಯ ಕಿಡಿ ಬ್ಯಾಟರಿಯಿಂದ ದೂರ ಹಾರಲಿ ಎಂಬುದಕ್ಕೆ ಈ ಕ್ರಮ. ತೆಗೆಯುವಾಗ ಉಲ್ಟಾ.

ದುರಸ್ತಿಯಾಯಿತು ಎಂದು ನಂಬುವ ಮೊದಲು ಮೂರು ಬೆಳಗ್ಗೆ, ಬಾಗಿಲು ತೆರೆಯುವುದಕ್ಕೂ ಮುಂಚೆ, ಬಾನೆಟ್ ಎತ್ತಿ ವೋಲ್ಟ್ ನೋಡಿ. ಬಾನೆಟ್ ಲಿವರ್ ಗಾಡಿಯ ಒಳಗಿರುವುದರಿಂದ ಹಿಂದಿನ ರಾತ್ರಿಯೇ ಅದನ್ನು ಎಳೆದಿಟ್ಟು, ಬಾನೆಟ್ಟನ್ನು ಮೊದಲ ಕೊಕ್ಕೆಯಲ್ಲಿ ಕೂರಿಸಿಟ್ಟಿರಬೇಕಾಗುತ್ತದೆ. ಬಾನೆಟ್ಟಿಗೆ ಸ್ವಿಚ್ ಇರುವ ಗಾಡಿಯಲ್ಲಿ ಮಾತ್ರ ಇದು ನಡೆಯದು, ಅಲ್ಲಿ ಬಾಗಿಲು ತೆರೆದು ಮುಚ್ಚಿ ಅರ್ಧ ಗಂಟೆ ಬಿಟ್ಟು ನೋಡಿ. ಮೂರೂ ದಿನ 12.5ರ ಮೇಲೇ ಇದ್ದರೆ ಮೀಟರನ್ನು ಪೆಟ್ಟಿಗೆಗೆ ಹಾಕಬಹುದು. ಓಡಿಸುವಾಗ ಬಾನೆಟ್ಟನ್ನು ಪೂರ್ತಿ ಒತ್ತಿ ಮುಚ್ಚಲು ಮರೆಯಬೇಡಿ.